ಎಲೆಯೊಳಗಿನ ಏರಿಳಿತ: ಸಸ್ಯಗಳ ರೋಗನಿರೋಧವನ್ನು ರೆಡಾಕ್ಸ್ ಬದಲಾವಣೆಗಳು ನಡೆಸುವ ಬಗೆ

ಬೆಂಕಿ ರೋಗ ಬಿದ್ದ ಗದ್ದೆಯಲ್ಲಿ ಎರಡು ಭತ್ತದ ತಳಿಗಳ ಎಲೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದರೆ ರೋಗನಿರೋಧ ಎಂದರೇನೆಂಬುದು ಕಣ್ಣಿಗೇ ಕಾಣುತ್ತದೆ. ರೋಗಕ್ಕೆ ತುತ್ತಾಗುವ ತಳಿಯ ಎಲೆಯ ಮೇಲೆ ಕದಿರಿನಾಕಾರದ ಉದ್ದನೆಯ ಮಚ್ಚೆಗಳಿರುತ್ತವೆ. ಅವುಗಳ ನಡುಭಾಗ ಬೂದು, ಅಂಚು ಕಂದು. ನಿರೋಧ ತಳಿಯ ಎಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕೆಗಳು, ಅಷ್ಟೇ. ಕೊಡಗಿನ ಪೊನ್ನಂಪೇಟೆಯಲ್ಲಿ ಬೆಂಕಿ ರೋಗದ ಒತ್ತಡ ಹೆಚ್ಚಿರುವುದರಿಂದ ಭತ್ತದ ತಳಿಗಳನ್ನು ಅಲ್ಲಿ ಪರೀಕ್ಷೆಗೆ ಒಡ್ಡುತ್ತಾರೆ. ಆ ಪರೀಕ್ಷೆಯಲ್ಲಿ ಅಂಕ ಕೊಡುವವರು ನೋಡುವುದೂ ಇದೇ ವ್ಯತ್ಯಾಸವನ್ನು.

ಆ ಪುಟ್ಟ ಚುಕ್ಕೆಯಲ್ಲಿಯೂ ಶಿಲೀಂಧ್ರ ಒಳಹೊಕ್ಕಿತ್ತು. ಆದರೆ ಅದು ಹೊಕ್ಕ ಜಾಗದ ಕೆಲವೇ ಜೀವಕೋಶಗಳು ತಾವಾಗಿ ಸತ್ತು, ಸುತ್ತಲಿನ ಕೋಶಗಳು ಗೋಡೆಯನ್ನು ಗಟ್ಟಿ ಮಾಡಿಕೊಂಡು, ಅದನ್ನು ಅಲ್ಲೇ ಕಟ್ಟಿಹಾಕಿದವು. ಪ್ರಾಣಿಗಳಿಗಿರುವಂತೆ ರಕ್ತದಲ್ಲಿ ಓಡಾಡುವ ಕಾವಲು ಕೋಶಗಳು ಗಿಡಕ್ಕಿಲ್ಲ. ಪ್ರತಿಯೊಂದು ಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಸಾಯಬೇಕೇ, ಬದುಕಿ ಹೋರಾಡಬೇಕೇ, ದೂರದ ಎಲೆಗಳಿಗೆ ಸುದ್ದಿ ಮುಟ್ಟಿಸಬೇಕೇ ಎಂಬ ತೀರ್ಮಾನಗಳಲ್ಲಿ ಕೋಶದ ರೆಡಾಕ್ಸ್ ಸ್ಥಿತಿಗೆ ದೊಡ್ಡ ಪಾತ್ರವಿದೆ. ಆ ಪಾತ್ರ ಯಾವುದು ಎಂಬ ಬಗ್ಗೆ ನಾಲ್ಕು ದಶಕಗಳಿಂದ ಚರ್ಚೆ ನಡೆದಿದೆ. ಅದರ ಸಾರವನ್ನು ನಾನು ಹೀಗೆ ಗ್ರಹಿಸಿದ್ದೇನೆ: ಗಿಡವನ್ನು ಕಾಯುವುದರಲ್ಲಿ ಉತ್ಕರ್ಷಣದ ಏರು ಎಷ್ಟು ಮುಖ್ಯವೋ ಅದರ ಇಳಿತವೂ ಅಷ್ಟೇ ಮುಖ್ಯ.

## ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ

ಒಂದು ಅಣು ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ, ಪಡೆದುಕೊಂಡರೆ ಅಪಕರ್ಷಣ. ಎರಡೂ ಜೊತೆಜೊತೆಗೇ ನಡೆಯುವುದರಿಂದ ರೆಡಾಕ್ಸ್ ಎಂದು ಕರೆಯುತ್ತೇವೆ. ಆಮ್ಲಜನಕ ಒಂದು ಎಲೆಕ್ಟ್ರಾನ್ ಪಡೆದರೆ ಸೂಪರಾಕ್ಸೈಡ್ ಆಗುತ್ತದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಸೂಪರಾಕ್ಸೈಡ್ ಹುಟ್ಟಿದಲ್ಲೇ ಅಳಿಯುವಂಥದ್ದು. ಪೆರಾಕ್ಸೈಡ್ ಅದಕ್ಕಿಂತ ಸ್ಥಿರ. ನೀರು ಸಾಗುವ ಪೊರೆಯ ದ್ವಾರಗಳ ಮೂಲಕ ಅದು ಕೋಶದೊಳಕ್ಕೂ ಸಾಗಬಲ್ಲದು.

ಇವುಗಳನ್ನು ಹತೋಟಿಯಲ್ಲಿಡಲು ಕೋಶದಲ್ಲಿ ಗ್ಲುಟಾಥಯೋನ್, ಆಸ್ಕಾರ್ಬಿಕ್ ಆಮ್ಲ ಅಂದರೆ ನಾವು ಬಲ್ಲ ವಿಟಮಿನ್ ಸಿ, ಕ್ಯಾಟಲೇಸ್ ಕಿಣ್ವ, ಥಯೋರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನುಗಳು ಇವೆ. ಈ ಕೊಡುಕೊಳ್ಳುವಿಕೆ ಪ್ರೋಟೀನುಗಳನ್ನು ಮುಟ್ಟುವ ಜಾಗ ಸಿಸ್ಟೀನ್ ಎಂಬ ಅಮೈನೋ ಆಮ್ಲ. ಅದರ ತುದಿಯಲ್ಲಿರುವ ಗಂಧಕದ ಪರಮಾಣು ಉತ್ಕರ್ಷಣಕ್ಕೆ ಬೇಗ ಒಳಗಾಗುತ್ತದೆ, ತಕ್ಕ ಕಿಣ್ವ ಸಿಕ್ಕರೆ ಮೊದಲಿನ ಸ್ಥಿತಿಗೂ ಮರಳುತ್ತದೆ. ಎರಡು ಸಿಸ್ಟೀನುಗಳು ಗಂಧಕದಿಂದ ಗಂಧಕಕ್ಕೆ ಬೆಸೆದುಕೊಂಡರೆ ಪ್ರೋಟೀನಿನ ಆಕಾರವೇ ಬದಲಾಗಿಬಿಡುತ್ತದೆ. ಮುಂದೆ ಬರುವ ವಾದವಿವಾದಗಳಲ್ಲಿ ಹೆಚ್ಚಿನವು ಈ ಗಂಧಕದ ಪರಮಾಣುವಿಗೇ ಬಂದು ಮುಟ್ಟುತ್ತವೆ.

## ಗೋಧಿ ಹೊಲದಿಂದ ಆಲೂಗಡ್ಡೆ ಹೋಳಿನವರೆಗೆ

ಗೋಧಿಯ ಕಾಂಡದ ತುಕ್ಕು ರೋಗವನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ಇ. ಸಿ. ಸ್ಟಾಕ್‌ಮನ್ 1915ರಲ್ಲಿ ಒಂದು ವಿಚಿತ್ರವನ್ನು ವಿವರಿಸಿದರು. ನಿರೋಧ ತಳಿಯ ಕೋಶಗಳು ಶಿಲೀಂಧ್ರ ಸೋಕಿದ ಕೂಡಲೇ ಸಾಯುತ್ತಿದ್ದವು, ಶಿಲೀಂಧ್ರ ಅಲ್ಲೇ ಸೊರಗುತ್ತಿತ್ತು. ಇದಕ್ಕೆ ಅವರು ಅತಿಸಂವೇದನೆ ಎಂದು ಹೆಸರಿಟ್ಟರು. ಸಾವು ಹೇಗೆ ಶುರುವಾಗುತ್ತದೆ ಎಂಬುದು ಮಾತ್ರ ದಶಕಗಳ ಕಾಲ ತಿಳಿಯಲಿಲ್ಲ.

ಸುಳಿವು ಸಿಕ್ಕಿದ್ದು ಮನುಷ್ಯನ ರಕ್ತದಿಂದ. 1973ರಲ್ಲಿ ಬರ್ನಾರ್ಡ್ ಬೇಬಿಯರ್ ಮತ್ತು ಸಂಗಡಿಗರು ಬಿಳಿ ರಕ್ತಕಣಗಳು ಸೂಪರಾಕ್ಸೈಡ್ ಉತ್ಪಾದಿಸುತ್ತವೆ ಎಂದು ತೋರಿಸಿದರು. ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಅವು ಬಳಸುವ ಸಾಧನಗಳಲ್ಲಿ ಇದೂ ಒಂದೆಂಬುದು ಮುಂದೆ ಸ್ಪಷ್ಟವಾಯಿತು. ಹತ್ತು ವರ್ಷಗಳ ಬಳಿಕ, 1983ರಲ್ಲಿ, ಜಪಾನಿನ ನೊರಿಯುಕಿ ಡೋಕೆ ಆಲೂಗಡ್ಡೆಯ ಹೋಳುಗಳ ಮೇಲೆ ಅಂಗಮಾರಿ ರೋಗದ ಫೈಟಾಫ್ತೊರಾ ಜೀವಿಯನ್ನು ಬೆಳೆಸಿ ನೋಡಿದರು. ಗಡ್ಡೆಯ ತಳಿಗೆ ಎದುರಿಸಲು ಬರುವ ಬಗೆಯ ಫೈಟಾಫ್ತೊರಾ ಹೊಕ್ಕಾಗ ಸೂಪರಾಕ್ಸೈಡ್ ಉಕ್ಕಿತು. ತಳಿಯನ್ನು ಸೋಲಿಸಬಲ್ಲ ಬಗೆ ಹೊಕ್ಕಾಗ ಹಾಗೆ ಉಕ್ಕಲಿಲ್ಲ. ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕಾಡುವ ಅಂಗಮಾರಿಯೂ ಇದೇ ಜೀವಿಯದು. ನಮ್ಮ ಅಡಿಕೆ ತೋಟಗಳ ಕೊಳೆ ರೋಗಕ್ಕೆ ಕಾರಣವಾದದ್ದೂ ಇದೇ ಫೈಟಾಫ್ತೊರಾ ಕುಲಕ್ಕೆ ಸೇರಿದ್ದು.

ಉತ್ಕರ್ಷಕ ಸ್ಫೋಟ ಎಂಬ ಮಾತು ಅಲ್ಲಿಂದ ಚಾಲ್ತಿಗೆ ಬಂತು. ಅದನ್ನು ಕಣ್ಣಾರೆ ನೋಡಬಹುದು. ಸೋಂಕಿದ ಎಲೆಯನ್ನು ಡಿಎಬಿ ಎಂಬ ದ್ರಾವಣ ಹೀರುವಂತೆ ಇಟ್ಟು, ಬಳಿಕ ಆಲ್ಕೊಹಾಲಿನಲ್ಲಿ ಹಸಿರು ತೆಗೆದರೆ, ಪೆರಾಕ್ಸೈಡ್ ಹುಟ್ಟಿದ ಕಡೆಯೆಲ್ಲ ಕೆಂಗಂದು ಬಣ್ಣ ಉಳಿಯುತ್ತದೆ. ಬಾರ್ಲಿಯ ಬೂದಿ ರೋಗದಲ್ಲಿ ಹೀಗೆ ಮಾಡಿ ಸೂಕ್ಷ್ಮದರ್ಶಕದಡಿ ನೋಡಿದವರಿಗೆ ಶಿಲೀಂಧ್ರದ ಎಳೆ ಚುಚ್ಚಲು ಯತ್ನಿಸಿದ ಬಿಂದುವಿನಲ್ಲೇ ಬಣ್ಣ ಕೂಡಿಕೊಂಡಿದ್ದು ಕಂಡಿತು. ಕೆಲವು ಕಡೆ ಒಂದಿಡೀ ಕೋಶವೇ ಕಂದಾಗಿ, ಅದಕ್ಕೆ ಅಂಟಿಕೊಂಡ ಪಕ್ಕದ ಕೋಶ ತಿಳಿಯಾಗಿಯೇ ಇತ್ತು.

## ಮೊದಲ ಪಂಥ: ಅದು ಅಸ್ತ್ರ

ಆರಂಭದ ವಿವರಣೆ ನೇರವಾಗಿತ್ತು. ಪೆರಾಕ್ಸೈಡ್ ವಿಷ, ಗಿಡ ಅದನ್ನು ಶತ್ರುವಿನ ಮೇಲೆ ಸುರಿಯುತ್ತದೆ. ಈ ಪಂಥ ವಿವರಿಸಿದ್ದು ಕಡಿಮೆಯೇನಲ್ಲ. 1992ರಲ್ಲಿ ಕ್ರಿಸ್ ಲ್ಯಾಂಬ್ ಅವರ ಗುಂಪು ತೋರಿಸಿದಂತೆ, ಪೆರಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಕೋಶಭಿತ್ತಿಯ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಗೋಡೆಯನ್ನು ಬಿಗಿಗೊಳಿಸುತ್ತದೆ. ಹೊಸ ಜೀನ್ ಚಾಲೂ ಆಗುವ ಮೊದಲೇ ನಡೆಯುವ ಕೆಲಸ ಇದು.

ರೋಗಕಾರಕಗಳ ನಡವಳಿಕೆಯೂ ಈ ಪಂಥಕ್ಕೆ ಸಾಕ್ಷಿ. ಮೆಕ್ಕೆಜೋಳದ ತೆನೆಯಲ್ಲಿ ಕಾಡಿಗೆ ಗಂಟು ಕಟ್ಟಿಸುವ ಉಸ್ಟಿಲಾಗೊ ಶಿಲೀಂಧ್ರ ಪೆಪ್1 ಎಂಬ ಪ್ರೋಟೀನನ್ನು ಸ್ರವಿಸಿ ಗಿಡದ ಪೆರಾಕ್ಸಿಡೇಸ್ ಕಿಣ್ವವನ್ನೇ ಅಡಗಿಸುತ್ತದೆ. ಪೆಪ್1 ಇಲ್ಲದ ಶಿಲೀಂಧ್ರ ಒಳಹೊಗಲು ಸೋಲುತ್ತದೆ. ಎದುರಾಳಿ ಇಷ್ಟು ಮುತುವರ್ಜಿಯಿಂದ ತಡೆಯುವ ಕ್ರಿಯೆ ಗಿಡದ ಪಾಲಿಗೆ ಮಹತ್ವದ್ದೇ ಇರಬೇಕು.

ಆದರೆ ಕೇವಲ ವಿಷ ಎಂಬ ವಿವರಣೆ ಒಂದು ಕಡೆ ನಿಂತುಬಿಡುತ್ತದೆ. ಹೆಚ್ಚಿನ ಸೂಕ್ಷ್ಮಜೀವಿಗಳ ಬಳಿ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಇರುತ್ತದೆ. ಸತ್ತ ಅಂಗಾಂಶವನ್ನೇ ತಿಂದು ಬದುಕುವ ಬೊಟ್ರೈಟಿಸ್‌ನಂಥ ಶಿಲೀಂಧ್ರಗಳಿಗಂತೂ ಈ ಸ್ಫೋಟ ವರವೇ ಆಗುತ್ತದೆ. ಗಿಡದ ಅತಿಸಂವೇದನೆಯ ಸಾವು ಬೊಟ್ರೈಟಿಸ್‌ಗೆ ದಾರಿ ಸುಗಮ ಮಾಡಿಕೊಡುತ್ತದೆ ಎಂದು ಗೊವ್ರಿನ್ ಮತ್ತು ಲೆವಿನ್ 2000ದಲ್ಲಿ ತೋರಿಸಿದರು. ಒಬ್ಬ ಶತ್ರುವನ್ನು ಹಸಿವಿನಿಂದ ಕೊಲ್ಲುವ ಕ್ರಿಯೆಯೇ ಇನ್ನೊಬ್ಬನಿಗೆ ಊಟ ಬಡಿಸುತ್ತದೆ.

## ಎರಡನೇ ಪಂಥ: ಅದು ಸಂದೇಶ

1994ರಲ್ಲಿ ಲೆವಿನ್, ಟೆನ್‌ಹಾಕೆನ್, ಡಿಕ್ಸನ್, ಲ್ಯಾಂಬ್ ಅವರು ಸೋಯಾ ಕೋಶಗಳ ಮೇಲೆ ನಡೆಸಿದ ಪ್ರಯೋಗ ಚರ್ಚೆಯ ದಿಕ್ಕನ್ನು ತಿರುಗಿಸಿತು. ಪೆರಾಕ್ಸೈಡ್ ಪ್ರಮಾಣ ಒಂದು ಮಿತಿ ದಾಟಿದ ಕಡೆ ಕೋಶ ಸಾಯುತ್ತಿತ್ತು. ಅಷ್ಟು ಮುಟ್ಟದ ನೆರೆಯ ಕೋಶಗಳಲ್ಲಿ ಅದೇ ಪೆರಾಕ್ಸೈಡ್ ರಕ್ಷಣಾ ಜೀನುಗಳನ್ನು ಎಬ್ಬಿಸುತ್ತಿತ್ತು. ಒಂದೇ ಅಣು, ಪ್ರಮಾಣ ಮತ್ತು ಜಾಗ ಬದಲಾದಂತೆ ಎರಡು ಆಜ್ಞೆ ಕೊಡುತ್ತಿತ್ತು.

ಆ ಹೊತ್ತಿಗೆ ಸ್ಯಾಲಿಸಿಲಿಕ್ ಆಮ್ಲ ಸಸ್ಯ ರೋಗನಿರೋಧದ ಮುಖ್ಯ ಹಾರ್ಮೋನ್ ಎಂದು ಗೊತ್ತಾಗಿತ್ತು. 1993ರಲ್ಲಿ ಡೇನಿಯಲ್ ಕ್ಲೆಸಿಗ್ ಅವರ ಗುಂಪು ಒಂದು ದಿಟ್ಟ ಪ್ರತಿಪಾದನೆ ಮುಂದಿಟ್ಟಿತು. ಸ್ಯಾಲಿಸಿಲಿಕ್ ಆಮ್ಲ ಕ್ಯಾಟಲೇಸ್ ಕಿಣ್ವಕ್ಕೆ ಅಂಟಿ ಅದನ್ನು ತಡೆಯುತ್ತದೆ, ಅದರಿಂದ ಪೆರಾಕ್ಸೈಡ್ ಏರುತ್ತದೆ, ಪೆರಾಕ್ಸೈಡ್ ರಕ್ಷಣಾ ಜೀನುಗಳನ್ನು ಚಾಲೂ ಮಾಡುತ್ತದೆ. ಎರಡೇ ವರ್ಷಗಳಲ್ಲಿ ಪ್ರತಿವಾದ ಬಂತು. ಸ್ಯಾಲಿಸಿಲಿಕ್ ಆಮ್ಲವನ್ನು ಒಡೆದುಹಾಕುವ ಬ್ಯಾಕ್ಟೀರಿಯಾ ಜೀನ್ ಸೇರಿಸಿದ ಗಿಡಗಳಲ್ಲಿ ಪೆರಾಕ್ಸೈಡ್ ಕೊಟ್ಟರೂ ಆ ಜೀನುಗಳು ಏಳಲಿಲ್ಲ. ಅಂದರೆ ಪೆರಾಕ್ಸೈಡ್ ಸ್ಯಾಲಿಸಿಲಿಕ್ ಆಮ್ಲದ ಕೆಳಗಿನ ಮೆಟ್ಟಿಲಲ್ಲಿ ನಿಂತು ಈ ಕೆಲಸ ಮಾಡುತ್ತಿಲ್ಲ, ಅದು ಮೇಲಿನ ಮೆಟ್ಟಿಲಲ್ಲಿರಬಹುದು.

ಈ ವ್ಯಾಜ್ಯಕ್ಕೆ ಗಟ್ಟಿಯಾದ ಕೊಂಡಿಯೊಂದು ಸಿಕ್ಕಿದ್ದು 2024ರಲ್ಲಿ. ಶಿನ್ನಿಯನ್ ಡಾಂಗ್ ಅವರ ಗುಂಪು ಸಿಎಚ್‌ಇ ಎಂಬ ಪ್ರೋಟೀನನ್ನು ಬೆನ್ನಟ್ಟಿತು. ಸೋಂಕು ತಗುಲದ ದೂರದ ಎಲೆಗಳಲ್ಲಿ ಪೆರಾಕ್ಸೈಡ್ ಈ ಪ್ರೋಟೀನಿನ ಒಂದು ಸಿಸ್ಟೀನನ್ನು ಉತ್ಕರ್ಷಿಸುತ್ತದೆ, ಆಗ ಅದು ಸ್ಯಾಲಿಸಿಲಿಕ್ ಆಮ್ಲ ತಯಾರಿಸುವ ಜೀನನ್ನು ಹಿಡಿದು ಎಬ್ಬಿಸುತ್ತದೆ ಎಂದು ಅವರು ತೋರಿಸಿದರು. ಒಂದು ಎಲೆಗೆ ರೋಗ ಬಂದರೆ ಇಡೀ ಗಿಡ ಎಚ್ಚರಗೊಳ್ಳುವುದನ್ನು 1961ರಲ್ಲಿ ರಾಸ್ ತಂಬಾಕಿನಲ್ಲಿ ವರ್ಣಿಸಿದ್ದರು. ಆ ಎಚ್ಚರದ ಸರಪಳಿಯಲ್ಲಿ ಪೆರಾಕ್ಸೈಡ್ ಕೂರುವ ಜಾಗ ಅರವತ್ತು ವರ್ಷಗಳ ಬಳಿಕ ಹೀಗೆ ಸ್ಪಷ್ಟವಾಯಿತು.

## ಮೂರನೇ ಪಂಥ: ಮರಳಿ ಇಳಿಯುವುದೇ ಕೀಲಿ

ಮೊದಲೆರಡು ಪಂಥಗಳ ಗಮನವೆಲ್ಲ ಉತ್ಕರ್ಷಣದ ಏರಿನ ಮೇಲಿತ್ತು. ಇಳಿತದ ಮಹತ್ವವನ್ನು ಕಲಿಸಿದ್ದು ಎನ್‌ಪಿಆರ್1 ಎಂಬ ಪ್ರೋಟೀನ್. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಗಿಡದಲ್ಲಿ 1994ರಲ್ಲಿ ಇದರ ರೂಪಾಂತರಿತ ಸಸ್ಯವನ್ನು ಗುರುತಿಸಿದ್ದೂ ಡಾಂಗ್ ಅವರ ಪ್ರಯೋಗಾಲಯವೇ. ಈ ಪ್ರೋಟೀನ್ ಕೆಟ್ಟರೆ ಸ್ಯಾಲಿಸಿಲಿಕ್ ಆಮ್ಲ ಕೊಟ್ಟರೂ ಗಿಡ ಎಚ್ಚರಗೊಳ್ಳುವುದಿಲ್ಲ.

2003ರಲ್ಲಿ ಮೌ, ಫ್ಯಾನ್, ಡಾಂಗ್ ಅದರ ಕೆಲಸದ ರೀತಿಯನ್ನು ಬಿಡಿಸಿಟ್ಟರು. ನೆಮ್ಮದಿಯ ಹೊತ್ತಿನಲ್ಲಿ ಎನ್‌ಪಿಆರ್1 ಅಣುಗಳು ಗಂಧಕದ ಬೆಸುಗೆಗಳಿಂದ ಒಂದಕ್ಕೊಂದು ಕೂಡಿಕೊಂಡು ಕೋಶಕೇಂದ್ರದ ಹೊರಗೆ ಉಳಿದಿರುತ್ತವೆ. ಸ್ಯಾಲಿಸಿಲಿಕ್ ಆಮ್ಲ ಏರಿದಾಗ ಕೋಶದ ಸ್ಥಿತಿ ಮೊದಲು ಉತ್ಕರ್ಷಣದ ಕಡೆ ವಾಲಿ, ಬಳಿಕ ಅಪಕರ್ಷಣದ ಕಡೆ ತಿರುಗುತ್ತದೆ. ಆ ತಿರುವಿನಲ್ಲಿ ಬೆಸುಗೆ ಕಳಚುತ್ತದೆ, ಬಿಡಿಯಾದ ಎನ್‌ಪಿಆರ್1 ಕೋಶಕೇಂದ್ರ ಹೊಕ್ಕು ರಕ್ಷಣಾ ಜೀನುಗಳನ್ನು ಎಬ್ಬಿಸುತ್ತದೆ. 82 ಅಥವಾ 216ನೇ ಸ್ಥಾನದ ಸಿಸ್ಟೀನನ್ನು ಬದಲಿಸಿದಾಗ ಪ್ರೋಟೀನ್ ಯಾವಾಗಲೂ ಬಿಡಿಯಾಗಿಯೇ ಇದ್ದು, ರೋಗವಿಲ್ಲದಾಗಲೂ ಜೀನುಗಳು ಚಾಲೂ ಆಗಿದ್ದವು. ಅದೇ ವರ್ಷ ಇನ್ನೊಂದು ಗುಂಪು ಎನ್‌ಪಿಆರ್1ರ ಜೊತೆಗಾರ ಟಿಜಿಎ1 ಪ್ರೋಟೀನಿನಲ್ಲಿಯೂ ಇಂಥದೇ ಗಂಧಕದ ಬೆಸುಗೆಯನ್ನು ಕಂಡುಹಿಡಿಯಿತು.

2008ರಲ್ಲಿ ತಾಡಾ ಮತ್ತು ಸಂಗಡಿಗರು ಬೆಸುಗೆ ಕಳಚುವ ಕೆಲಸ ಥಯೋರೆಡಾಕ್ಸಿನ್‌ನದು, ಬೆಸುಗೆಗೆ ನೆರವಾಗುವುದು ನೈಟ್ರಿಕ್ ಆಕ್ಸೈಡ್‌ನಿಂದ ಬರುವ ಗುಂಪು ಸಿಸ್ಟೀನಿಗೆ ಅಂಟಿಕೊಳ್ಳುವುದು ಎಂದು ತೋರಿಸಿದರು. ಗಮನಿಸಬೇಕಾದ ಸಂಗತಿ ಎಂದರೆ, ಆ ಅಂಟುವಿಕೆಯನ್ನು ತಪ್ಪಿಸಿದಾಗಲೂ ನಿರೋಧಶಕ್ತಿ ಕುಂದಿತು. ಅಂದರೆ ಕಟ್ಟುವುದೂ ಬಿಚ್ಚುವುದೂ ಎರಡೂ ನಡೆಯುತ್ತಿರಬೇಕು.

ಗ್ಲುಟಾಥಯೋನ್ ಮತ್ತು ವಿಟಮಿನ್ ಸಿ ಕಡಿಮೆಯಾದ ಗಿಡಗಳು ಇನ್ನೊಂದು ಪಾಠ ಹೇಳುತ್ತವೆ. ಪಿಎಡಿ2 ಎಂಬ ಅರಬಿಡಾಪ್ಸಿಸ್ ರೂಪಾಂತರದಲ್ಲಿ ಗ್ಲುಟಾಥಯೋನ್ ಸಹಜ ಪ್ರಮಾಣದ ಐದನೇ ಒಂದು ಭಾಗದಷ್ಟೇ ಇರುತ್ತದೆ, ಅದು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ವಿಟಮಿನ್ ಸಿ ಕಡಿಮೆ ಇರುವ ವಿಟಿಸಿ1 ರೂಪಾಂತರವಾದರೋ ಕೆಲವು ರೋಗಗಳನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಎರಡೂ ಉತ್ಕರ್ಷಣ ನಿರೋಧಕಗಳೇ, ಫಲ ಮಾತ್ರ ತಿರುಗುಮುರುಗು. ಆದ್ದರಿಂದ ಕೋಶದ ರೆಡಾಕ್ಸ್ ಸ್ಥಿತಿಯನ್ನು ಒಂದೇ ಸಂಖ್ಯೆಯಲ್ಲಿ ಹೇಳಿ ಮುಗಿಸಲಾಗದು. ಯಾವ ಜೋಡಿ, ಎಲ್ಲಿ, ಯಾವಾಗ ಎಂದು ಬಿಡಿಸಿ ಕೇಳಬೇಕು.

## ನೈಟ್ರಿಕ್ ಆಕ್ಸೈಡ್ ಮತ್ತು ಒಳಗಿನ ತಡೆ

1998ರಲ್ಲಿ ಡೆಲೆಡೋನೆ ಹಾಗೂ ಡರ್ನರ್ ಅವರ ಗುಂಪುಗಳು ನೈಟ್ರಿಕ್ ಆಕ್ಸೈಡನ್ನು ಸಸ್ಯ ರೋಗನಿರೋಧದ ಸಂಕೇತವಾಗಿ ಪರಿಚಯಿಸಿದವು. ಅದು ಪೆರಾಕ್ಸೈಡ್ ಜೊತೆ ತಕ್ಕ ಪ್ರಮಾಣದಲ್ಲಿ ಕೂಡಿದಾಗಲೇ ಕೋಶ ಸಾಯುತ್ತದೆ ಎಂದು 2001ರಲ್ಲಿ ತಿಳಿಯಿತು. ಎಡಿನ್‌ಬರೋದ ಗ್ಯಾರಿ ಲೋಕ್ ಅವರ ಗುಂಪು 2005ರಲ್ಲಿ, ನೈಟ್ರಿಕ್ ಆಕ್ಸೈಡ್ ಹೊತ್ತ ಗ್ಲುಟಾಥಯೋನನ್ನು ಒಡೆಯುವ ಕಿಣ್ವ ಇಲ್ಲದ ಗಿಡಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಕುಗ್ಗಿ ನಿರೋಧಶಕ್ತಿ ಕುಸಿಯುತ್ತದೆ ಎಂದು ತೋರಿಸಿತು. 2011ರಲ್ಲಿ ಅವರದೇ ಇನ್ನೊಂದು ಶೋಧ ಬಂತು. ಸೂಪರಾಕ್ಸೈಡ್ ತಯಾರಿಸುವ ಆರ್‌ಬಿಒಎಚ್‌ಡಿ ಕಿಣ್ವದ 890ನೇ ಸಿಸ್ಟೀನಿಗೆ ನೈಟ್ರಿಕ್ ಆಕ್ಸೈಡ್ ಅಂಟಿದರೆ ಕಿಣ್ವ ಮಂದವಾಗುತ್ತದೆ, ಸಾವು ಹಬ್ಬದೆ ನಿಲ್ಲುತ್ತದೆ. ಸ್ಫೋಟವನ್ನು ನಿಲ್ಲಿಸುವ ತಡೆಯೂ ಸ್ಫೋಟದ ರಸಾಯನದೊಳಗೇ ಇದೆ.

## ಉತ್ಕರ್ಷಕಗಳು ಹುಟ್ಟುವುದು ಎಲ್ಲಿ?

ಮೂಲದ ಬಗ್ಗೆಯೂ ಮೂರು ಅಭಿಪ್ರಾಯಗಳಿವೆ. ಹೆಚ್ಚು ಬೆಂಬಲ ಪಡೆದದ್ದು ಕೋಶಪೊರೆಯ ಎನ್‌ಎಡಿಪಿಎಚ್ ಆಕ್ಸಿಡೇಸ್, ಅಂದರೆ ಬಿಳಿ ರಕ್ತಕಣಗಳ ಕಿಣ್ವದ ಸಸ್ಯಸಂಬಂಧಿ ಆರ್‌ಬಿಒಎಚ್. ಬ್ಯಾಕ್ಟೀರಿಯಾದ ಬಾಲದ ತುಣುಕನ್ನು ಗುರುತಿಸಿದ ಗ್ರಾಹಕ ಬಿಐಕೆ1 ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದು ನೇರವಾಗಿ ಆರ್‌ಬಿಒಎಚ್‌ಡಿಗೆ ಫಾಸ್ಫೇಟ್ ಸೇರಿಸುತ್ತದೆ ಎಂದು 2014ರಲ್ಲಿ ಎರಡು ಗುಂಪುಗಳು ತೋರಿಸಿದವು. ಗುರುತು ಹಿಡಿದ ಕೆಲವೇ ನಿಮಿಷಗಳಲ್ಲಿ ಉತ್ಕರ್ಷಕ ಹುಟ್ಟುವುದು ಹೇಗೆಂಬುದಕ್ಕೆ ಇದು ಉತ್ತರ.

ಇಂಗ್ಲೆಂಡಿನ ಪಾಲ್ ಬೋಲ್ವೆಲ್ ಮತ್ತಿತರರು ಕೋಶಭಿತ್ತಿಯ ಪೆರಾಕ್ಸಿಡೇಸ್ ಕಿಣ್ವಗಳ ಪರ ವಾದಿಸಿದರು. ಅವುಗಳನ್ನು ಅಡಗಿಸಿದ ಅರಬಿಡಾಪ್ಸಿಸ್ ಗಿಡಗಳಲ್ಲಿ ಸ್ಫೋಟ ಕುಗ್ಗಿ ರೋಗ ಹೆಚ್ಚಿದ್ದು 2006ರಲ್ಲಿ ವರದಿಯಾಯಿತು. ಮೂರನೆಯವರು ಕ್ಲೋರೋಪ್ಲಾಸ್ಟ್ ಕಡೆ ಬೆರಳು ತೋರುತ್ತಾರೆ. ತಂಬಾಕಿನ ಕ್ಲೋರೋಪ್ಲಾಸ್ಟಿಗೆ ಫ್ಲೇವೊಡಾಕ್ಸಿನ್ ಎಂಬ ಎಲೆಕ್ಟ್ರಾನ್ ವಾಹಕ ಪ್ರೋಟೀನ್ ಸೇರಿಸಿ ಅಲ್ಲಿನ ಉತ್ಕರ್ಷಕಗಳನ್ನು ತಗ್ಗಿಸಿದಾಗ ಕೋಶಗಳ ಸಾವು ಕಡಿಮೆಯಾಯಿತು, ಆದರೆ ರಕ್ಷಣಾ ಜೀನುಗಳು ಎಂದಿನಂತೆ ಎದ್ದವು. ಈ ಪ್ರಯೋಗ ಸಾವನ್ನೂ ರಕ್ಷಣೆಯನ್ನೂ ಬೇರ್ಪಡಿಸಿ ತೋರಿಸಿದ್ದರಿಂದ ಬೆಲೆಯುಳ್ಳದ್ದು.

ಮೂಲಗಳು ಬೇರೆಯಾದಂತೆ ಪರಿಣಾಮವೂ ಬೇರೆ. ಎಲ್‌ಎಸ್‌ಡಿ1 ಎಂಬ ರೂಪಾಂತರದಲ್ಲಿ ಸಾವು ಒಮ್ಮೆ ಶುರುವಾದರೆ ಎಲೆಯಿಡೀ ಹಬ್ಬುತ್ತದೆ. ಹೊರಗಿನ ಸೂಪರಾಕ್ಸೈಡೇ ಅದನ್ನು ಹಬ್ಬಿಸುತ್ತದೆ ಎಂದು 1996ರಲ್ಲಿ ಜೆಫ್ ಡ್ಯಾಂಗಲ್ ಅವರ ಗುಂಪು ಹೇಳಿತು. ಅದೇ ಗಿಡದಲ್ಲಿ ಆರ್‌ಬಿಒಎಚ್‌ಡಿ ತೆಗೆದುಹಾಕಿದರೆ ಸಾವು ಇನ್ನಷ್ಟು ಹಬ್ಬುತ್ತದೆ ಎಂದು 2005ರಲ್ಲಿ ಡ್ಯಾಂಗಲ್ ಮತ್ತು ಸಂಗಡಿಗರೇ ತೋರಿಸಿದರು. ಸ್ಫೋಟದ ಒಂದು ಭಾಗ ಸುತ್ತಲಿನ ಕೋಶಗಳನ್ನು ಉಳಿಸುವುದಕ್ಕೇ ಇದೆ ಎಂಬ ತಿಳಿವು ಅಲ್ಲಿಂದ ಬಂತು.

## ಹೊಲಕ್ಕೆ ಬಂದಾಗ

ಈ ಜ್ಞಾನ ಬೆಳೆಗೆ ತಲುಪಿದ ಒಂದು ಒಳ್ಳೆಯ ಉದಾಹರಣೆ ಚೀನಾದ ಡಿಗು ಎಂಬ ಭತ್ತದ ತಳಿ. ಹಲವು ಬಗೆಯ ಬೆಂಕಿ ರೋಗವನ್ನು ಅದು ತಡೆಯುತ್ತದೆ. 2017ರಲ್ಲಿ ಸಿಚುವಾನ್ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಕಾರಣ ಕಂಡುಹಿಡಿದರು. ಬಿಎಸ್‌ಆರ್-ಡಿ1 ಎಂಬ ಜೀನಿನ ಮುಂಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಆ ಜೀನ್ ಮಂದವಾಗಿದೆ. ಅದರಿಂದ ಪೆರಾಕ್ಸೈಡನ್ನು ಒಡೆಯುವ ಕಿಣ್ವಗಳು ಕಡಿಮೆಯಾಗಿ, ಶಿಲೀಂಧ್ರ ಹೊಕ್ಕಾಗ ಪೆರಾಕ್ಸೈಡ್ ಹೆಚ್ಚು ಉಳಿಯುತ್ತದೆ. ಇಳುವರಿಗೆ ಪೆಟ್ಟು ಬೀಳಲಿಲ್ಲ ಎಂಬುದು ತಳಿ ಅಭಿವೃದ್ಧಿಯಲ್ಲಿ ತೊಡಗಿದವರಿಗೆ ಮುಖ್ಯ. ರಕ್ಷಣೆ ಸದಾ ಚಾಲೂ ಇರುವ ಗಿಡಗಳು ಸಾಮಾನ್ಯವಾಗಿ ಕುಳ್ಳಾಗಿ ಸೊರಗುತ್ತವೆ. ಇಲ್ಲಿ ಗಿಡ ಸದಾ ಉರಿಯುತ್ತಿಲ್ಲ, ಉರಿ ಎದ್ದಾಗ ಇಳಿತ ಮಾತ್ರ ಕೊಂಚ ತಡವಾಗುತ್ತದೆ.

ನಮ್ಮ ರಾಗಿಗೂ ಬೆಂಕಿ ರೋಗದ ಕಾಟ ಉಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ತಳಿ ಆ ರೋಗವನ್ನು ತಾಳುವ ಗುಣದಿಂದಲೇ ಹೆಸರಾಯಿತು. ಅರಬಿಡಾಪ್ಸಿಸ್‌ನಲ್ಲಿ ಕಲಿತ ಪ್ರಶ್ನೆಗಳನ್ನು ಇಂಥ ತಳಿಗಳ ಎಲೆಗಳಿಗೆ ಕೇಳುವ ಕೆಲಸ ಹೆಚ್ಚಬೇಕು. ರಾಗಿಯ ಸಿಸ್ಟೀನುಗಳ ಕತೆ ರಾಗಿಯಲ್ಲೇ ತಿಳಿಯಬೇಕು.

## ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು ನಿರ್ದಿಷ್ಟತೆ. ಬರ, ಬಿಸಿಲು, ಗಾಯ, ರೋಗ ಎಲ್ಲಕ್ಕೂ ಗಿಡ ಪೆರಾಕ್ಸೈಡ್ ಹುಟ್ಟಿಸುತ್ತದೆ. ಊರ ದೇವಸ್ಥಾನದ ಗಂಟೆ ಒಂದೇ ಆದರೂ ಅದು ಪೂಜೆಗೋ ಅಪಾಯಕ್ಕೋ ಎಂಬುದು ಹೊತ್ತಿನಿಂದ, ಬಾರಿಸುವ ಬಗೆಯಿಂದ ಊರವರಿಗೆ ತಿಳಿಯುತ್ತದೆ. ಕೋಶಕ್ಕೆ ಅದು ತಿಳಿಯುವ ಬಗೆ ಯಾವುದು? ಹೊರಗಿನ ಪೆರಾಕ್ಸೈಡನ್ನು ಗ್ರಹಿಸುವ ಎಚ್‌ಪಿಸಿಎ1 ಎಂಬ ಗ್ರಾಹಕ 2020ರಲ್ಲಿ ಸಿಕ್ಕಿತು. ಅದೊಂದೇ ಇಷ್ಟೆಲ್ಲ ಭೇದವನ್ನು ಓದಲು ಸಾಕಾಗದು.

ಎರಡನೆಯದು ಎನ್‌ಪಿಆರ್1ರ ನಿಜರೂಪ. 2022ರಲ್ಲಿ ಪ್ರಕಟವಾದ ರಚನೆಯಲ್ಲಿ ಅದು ಹಕ್ಕಿಯಾಕಾರದ ಜೋಡಿ ಅಣು. ಆ ಜೋಡಿ, 2003ರ ಗುಂಪುಗೂಡಿದ ರೂಪ ಮತ್ತು ಬಿಡಿ ರೂಪ, ಇವುಗಳ ಪರಸ್ಪರ ಸಂಬಂಧ ಜೀವಂತ ಕೋಶದಲ್ಲಿ ಹೇಗೆ ಎಂಬುದು ತೀರ್ಮಾನವಾಗಿಲ್ಲ. ಸ್ಯಾಲಿಸಿಲಿಕ್ ಆಮ್ಲದ ಗ್ರಾಹಕ ಎನ್‌ಪಿಆರ್1 ಪ್ರೋಟೀನೋ, ಅದರ ಬಂಧುಗಳಾದ ಎನ್‌ಪಿಆರ್3 ಮತ್ತು ಎನ್‌ಪಿಆರ್4 ಪ್ರೋಟೀನುಗಳೋ ಎಂಬ 2012ರ ವಿವಾದಕ್ಕೆ ಎಲ್ಲವೂ ಗ್ರಾಹಕಗಳೇ, ಪಾತ್ರ ಮಾತ್ರ ಎದುರುಬದುರು ಎಂಬ ಉತ್ತರ 2018ರಲ್ಲಿ ಬಂತು. ಆ ಉತ್ತರದೊಳಗೆ ರೆಡಾಕ್ಸ್ ಬದಲಾವಣೆಯನ್ನು ಎಲ್ಲಿ ಕೂರಿಸಬೇಕು ಎಂಬುದು ಬಾಕಿ.

ಮೂರನೆಯದು ಹೊತ್ತು. ಕೋಶದ ರೆಡಾಕ್ಸ್ ಸ್ಥಿತಿಗೆ ತನ್ನದೇ ದಿನದ ಲಯವಿದೆ, ಎನ್‌ಪಿಆರ್1 ಅದನ್ನು ಜೈವಿಕ ಗಡಿಯಾರಕ್ಕೆ ಜೋಡಿಸುತ್ತದೆ ಎಂದು 2015ರಲ್ಲಿ ತಿಳಿಯಿತು. ಹಾಗಾದರೆ ಹಗಲಿನ ಸೋಂಕಿಗೂ ರಾತ್ರಿಯ ಸೋಂಕಿಗೂ ಗಿಡದ ಉತ್ತರ ಎಷ್ಟು ಬೇರೆ? ಇಬ್ಬನಿಯಲ್ಲಿ ಮೊಳೆಯುವ ರೋಗಗಳ ನಾಡಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ.

ನಾಲ್ಕನೆಯದು ಆಯ್ಕೆಯ ಬೆಲೆ. ಇಳಿತವನ್ನು ತಡಮಾಡಿ ಬೆಂಕಿ ರೋಗ ತಡೆದ ಗಿಡ, ಸತ್ತ ಅಂಗಾಂಶ ತಿನ್ನುವ ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಪ್ರತಿ ಬೆಳೆಯಲ್ಲೂ, ಪ್ರತಿ ಹವೆಯಲ್ಲೂ ಹೊಲದಲ್ಲೇ ಪರೀಕ್ಷಿಸಬೇಕು. ಉತ್ಕರ್ಷಕ ಹೆಚ್ಚಿಸಿದರೆ ರೋಗ ಹೋಗುತ್ತದೆ ಎಂಬ ಸುಲಭ ಸೂತ್ರವೂ, ಉತ್ಕರ್ಷಣ ನಿರೋಧಕ ಹೆಚ್ಚಿಸಿದರೆ ಗಿಡ ಗಟ್ಟಿಯಾಗುತ್ತದೆ ಎಂಬ ಸೂತ್ರವೂ ಈ ನಾಲ್ಕು ದಶಕಗಳ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ಯಾವ ಕೋಶದಲ್ಲಿ, ಎಷ್ಟು ಹೊತ್ತು, ಯಾವ ಸಿಸ್ಟೀನಿನ ಮೇಲೆ ಎಂಬ ಮೂರನ್ನೂ ಒಟ್ಟಿಗೆ ಅಳೆಯುವ ಪ್ರಯೋಗಗಳು ಬೆಳೆ ಗಿಡಗಳಲ್ಲಿ ನಡೆದ ಮೇಲಷ್ಟೇ ತಳಿ ಅಭಿವೃದ್ಧಿಗೆ ಭರವಸೆಯ ಸೂಚನೆ ಕೊಡಲು ಸಾಧ್ಯ.